ಅರ್ಧ ಪೌಂಡು

ಬಾಯ್ಲರ್ ಕೋಣೆಯ ಬೀಗದಕೈ ನಾನು ಕೊಡಲ್ಲ, ಟ್ರಾಯ್. ಹಲ್ಲು ಕಿರೀಬೇಡ. "ಬರೀ ಇಪ್ಪತ್ತು ನಿಮಿಷ ಅಜ್ಜಿ, ಬೆವರಿಳಿಸಿ ಬಂದ್ಬಿಡ್ತೀನಿ" ಅಂತೀಯಲ್ಲ... ಆ ಇಪ್ಪತ್ತು ನಿಮಿಷ ಏನು ಅಂತ ನನಗೆ ಗೊತ್ತು. ಮೂವತ್ತೊಂದು ವರ್ಷದಿಂದ ಈ ಕಾಲೇಜಿನ ಆಟದ ಬಟ್ಟೆ ಒಗೀತಾ ಇದೀನಿ. ಯಾವನ ಕಾಲುಚೀಲ ಎಷ್ಟು ನಾರುತ್ತೆ ಅಂತ ಕಣ್ಮುಚ್ಕೊಂಡು ಹೇಳ್ತೀನಿ. ಕೂತ್ಕೋ ಆ ಟವೆಲ್ ಗುಡ್ಡೆ ಮೇಲೆ. ಯಂತ್ರ ನಿಲ್ಲೋಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಕೇಳು. ಕೇಳಿದ ಮೇಲೂ ಬೀಗದಕೈ ಬೇಕು ಅಂದ್ರೆ ಆಗ ನೋಡೋಣ.

ಇದು ಅವರಿವರು ಹೇಳಿದ್ದಲ್ಲ. ನನ್ನ ಚಿಕ್ಕಪ್ಪನ ಮಗ ವರ್ಲಿನ್‌ಗೆ ಆಗಿದ್ದು. ಅರ್ಧ ನಾನೇ ಕಿವಿಯಾರೆ ಕೇಳಿದ್ದು.

ಇಪ್ಪತ್ತು ವರ್ಷದ ಹಿಂದೆ, ನವೆಂಬರ್ ಕೊನೆ. ವರ್ಲಿನ್ ಆಗ ಇಲ್ಲಿ ಕುಸ್ತಿ ತಂಡದ ಚಿಕ್ಕ ಕೋಚ್. ರಾತ್ರಿ ಹತ್ತೂವರೆಗೆ ದೀಪ ಆರಿಸಿ ಮನೆಗೆ ಹೊರಟ. ಮೈದಾನದ ಹಿಂದೆ ಹಳೇ ಬಾವಿ ಇದೆಯಲ್ಲ, ಆ ದೊಡ್ಡ ಕಾಟನ್‌ವುಡ್ ಮರದ ಬುಡದಲ್ಲಿ, ಹಲಗೆ ಮುಚ್ಚಿ, ಕೈಪಂಪು ತುಕ್ಕು ಹಿಡಿದು ನಿಂತಿರೋದು... ಅದೇ ದಾರಿ. ಗಾಳಿ ಒಂಚೂರೂ ಇರ್ಲಿಲ್ಲ. ಹಿಮ ಬಿದ್ದು ಗಟ್ಟಿಯಾಗಿತ್ತು. ಕಾಲಿಟ್ರೆ ಕರಕ್. ಕರಕ್... ಕರಕ್... ಅವನ ಹೆಜ್ಜೆ ಅವನಿಗೇ ಕೇಳಿಸ್ತಿತ್ತು.

ಬಾವಿ ದಾಟಿದ. ಹಿಂದೆ ಇನ್ನೊಂದು ಸದ್ದು.

ಸರಕ್... ಸರಕ್... ಸರಕ್...

ಬೆವರಿಳಿಸೋಕೆ ರಬ್ಬರ್ ಅಂಗಿ-ಚಡ್ಡಿ ಹಾಕ್ಕೊಂಡು ಓಡುವಾಗ ತೊಡೆಗೆ ತೊಡೆ ಉಜ್ಜೋ ಸದ್ದು. ನಿನಗೇ ಗೊತ್ತಲ್ಲ, ನಿನ್ನ ಚೀಲದಲ್ಲೂ ಒಂದು ಜೊತೆ ಮಡಿಸಿಟ್ಟಿದೀಯ, ನಾನು ನೋಡಿಲ್ಲ ಅಂದ್ಕೊಂಡಿದೀಯ. ಬೇರೆ ಯಾವ ಬಟ್ಟೆಗೂ ಆ ಸದ್ದಿಲ್ಲ. ವರ್ಲಿನ್ ನಿಂತ. ಸದ್ದೂ ನಿಂತ್ಹೋಯ್ತು. ಆಮೇಲೆ...

ತುಪ್.

ಖಾಲಿ ಬಾಟ್ಲಿಯೊಳಗೆ ಉಗುಳಿದ ಸದ್ದು, ತೂಕ ಇಳಿಸೋಕೆ ನೀವೆಲ್ಲ ಉಗುಳ್ತೀರಲ್ಲ, ಹಂಗೆ.

ಹುಡುಗರ ಕೋತಿಯಾಟ ಅಂದ್ಕೊಂಡು ಇವನು ಗದರಿದ. "ಯಾವನೋ ಅದು? ಹೋಗಿ ಬಿದ್ಕೊಳ್ರೋ ಕತ್ತೆಗಳಾ, ನಾಳಿದ್ದು ಪಂದ್ಯ ಇದೆ!" ಮರದ ಕಡೆಯಿಂದ ದನಿ ಬಂತು. ಮೆಲ್ಲಗೆ. ನಾಲಿಗೆ ಅಂಗಳಕ್ಕೆ ಅಂಟ್ಕೊಂಡಂಥ ದನಿ.

"ಕೋಚ್... ಇನ್ನೊಂದ್ಸಲ ತೂಕ ನೋಡ್ತೀರಾ?"

ನಮ್ಮ ಮನೆ ಅವನ ಪಕ್ಕದ ಮನೇನೇ. ಅಡುಗೆಮನೆ ಬಾಗಿಲು ತಳ್ಕೊಂಡು ಒಳಗೆ ಬಂದ. ಮುಖದಲ್ಲಿ ರಕ್ತ ಇಲ್ಲ. ಟೋಪಿ ಎಲ್ಲೋ ಬಿದ್ದುಹೋಗಿತ್ತು.

"ಅಕ್ಕಾ, ಲೊವೆಲ್ ಬಂದಿದಾನೆ."

ನಾನು ಕಾಫಿ ಬಗ್ಗಿಸ್ತಾ, "ಗಾಳಿ ಕಣೋ ಅದು" ಅಂದೆ.

"ಗಾಳಿ ಬಾಟ್ಲಿಗೆ ಉಗುಳುತ್ತಾ ಅಕ್ಕಾ?"



ಲೊವೆಲ್ ಯಾರು ಅಂತ ಕೇಳ್ಬೇಡ, ಹೇಳ್ತೀನಿ. ಅವನು ಸತ್ತು ಆಗ್ಲೇ ಮೂರು ವರ್ಷ ಆಗಿತ್ತು. ಥೆಲ್ಮಾ ಅಂತ, ಊರಾಚೆ ಹಾಲಿನ ಹಸು ಸಾಕ್ಕೊಂಡಿದ್ದ ವಿಧವೆ. ಅವಳಿಗೆ ಒಬ್ಬನೇ ಮಗ. ಕೈಯೆಲ್ಲ ಹಸುವಿನ ವಾಸನೆ, ಬಾಯಿಬಿಟ್ರೆ ನಗು. ಬಟ್ಟೆ ಕೊಡೋಕೆ ಬಂದ್ರೆ "ಅಜ್ಜಿ, ಗುಂಡಿ ಹೋಗಿದೆ" ಅನ್ನೋನು. ಆಗ ನನಗಿನ್ನೂ ನಲವತ್ತೆರಡು. ಅಜ್ಜಿ ಅಂತ ಮೊದಲು ಕರೆದೋನು ಅವನೇ, ಅದಕ್ಕೇ ನೀವೆಲ್ಲ ಹಂಗೇ ಕರೀತೀರ.

ದೊಡ್ಡ ಕಾಲೇಜಿನಲ್ಲಿ ಆದ್ರೆ ಫುಟ್ಬಾಲಿಗೆ ಬೇರೆ ಹುಡುಗ್ರು, ಕುಸ್ತಿಗೆ ಬೇರೆ ಹುಡುಗ್ರು. ನಮ್ಮದು ಅಂಗೈಯಗಲದ ಕಾಲೇಜು. ಇರೋ ನಾಲ್ಕು ಹುಡುಗರೇ ಬೇಸಿಗೆ ಮುಗಿದ್ಮೇಲೆ ಫುಟ್ಬಾಲು ಆಡ್ಬೇಕು, ಹಿಮ ಬಿದ್ಮೇಲೆ ಕುಸ್ತಿ ಆಡ್ಬೇಕು, ಹಿಮ ಕರಗಿದ್ಮೇಲೆ ಓಟ ಓಡ್ಬೇಕು. ಫುಟ್ಬಾಲಿಗೆ ಮೈ ಬೇಕು. ಕುಸ್ತಿಗೆ ಅದೇ ಮೈ ಬೇಡ. ನಡುವೆ ಇರೋದು ಮೂರೇ ವಾರ. ಅಕ್ಟೋಬರಿನಲ್ಲಿ "ತಿನ್ನೋ, ತಿನ್ನೋ" ಅಂತಿದ್ದೋರೇ ನವೆಂಬರಿನಲ್ಲಿ ತಟ್ಟೆ ಕಿತ್ಕೋತಾರೆ. ಇದೆಂಥ ನ್ಯಾಯವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಲೊವೆಲ್ ಫುಟ್ಬಾಲು ಮುಗಿಸಿದಾಗ ನೂರ ಎಪ್ಪತ್ತನಾಲ್ಕು ಪೌಂಡು. ಕುಸ್ತಿ ತಂಡಕ್ಕೆ ಬೇಕಾಗಿದ್ದು ನೂರೈವತ್ತು ಪೌಂಡು ದಾಟದೋರ ಜಾಗಕ್ಕೆ ಒಬ್ಬ. ಆ ಜಾಗ ಖಾಲಿ ಬಿಟ್ರೆ ಎದುರಾಳಿಗೆ ಕುಸ್ತಿ ಆಡದೇನೇ ಆರು ಅಂಕ. ದೊಡ್ಡ ಕೋಚ್ ಹಾರ್ಮನ್ ಅವನ ಹೆಗಲ ಮೇಲೆ ಕೈ ಹಾಕಿ, "ನೀನಿದೀಯಲ್ಲಪ್ಪ" ಅಂದ. ಅಷ್ಟೇ ಸಾಕಾಯ್ತು ಆ ಹುಡುಗನಿಗೆ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡ... ತಣ್ಣೀರೂ ಇಲ್ಲ ಅನ್ನು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಥೆಲ್ಮಾ ಟರ್ಕಿ ಕೋಳಿ ಸುಟ್ಟು, ಕುಂಬಳಕಾಯಿ ಪೈ ಮಾಡಿ ಬಡಿಸಿದ್ರೆ, ಅಮ್ಮನಿಗೆ ಬೇಜಾರಾಗ್ಬಾರ್ದು ಅಂತ ಒಂದೊಂದೇ ತುಂಡು ಬಾಯಿಗೆ ಹಾಕ್ಕೊಂಡು, ಅಗಿದು, ಬಟ್ಟೇಲಿ ಉಗುಳಿದನಂತೆ. ಮೇಜಿನ ಕೆಳಗೆ ಆ ಬಟ್ಟೆ ಆಮೇಲೆ ಥೆಲ್ಮಾಗೆ ಸಿಕ್ತು.

ಮೊದಲ ಪಂದ್ಯದ ಹಿಂದಿನ ರಾತ್ರಿ ಒಂಬತ್ತೂವರೆಗೆ ತಕ್ಕಡಿ ಹತ್ತಿದ. ನೂರೈವತ್ತೂವರೆ. ವರ್ಲಿನ್ ನೋಡಿ, "ಇನ್ನರ್ಧ ಪೌಂಡು. ಓಡು" ಅಂದ.

"ಇನ್ನೊಂದ್ಸಲ ನೋಡಿ ಕೋಚ್. ಉಗುಳೋಕೂ ಬಾಯಲ್ಲಿ ನೀರಿಲ್ಲ."

"ನೋಡಿದ್ದಾಯ್ತಲ್ಲೋ. ಇಪ್ಪತ್ತು ನಿಮಿಷ ಅಷ್ಟೇ."

ಲೊವೆಲ್ ರಬ್ಬರ್ ಬಟ್ಟೆ ಹಾಕ್ಕೊಂಡು ಬಾಯ್ಲರ್ ಕೋಣೆಗೆ ಇಳಿದ. ಇದೇ ನನ್ನ ಕಾಲಿನ ಕೆಳಗೆ ಇರೋ ಕೋಣೆ. ಬಿಸಿ ಕೊಳವೆಗಳ ನಡುವೆ ಸುತ್ತು ಹಾಕ್ತಾ ಓಡಿದ. ವರ್ಲಿನ್ ಹೋಗಿ ನೋಡಿದಾಗ ಬಿದ್ದಿದ್ದ. ಮೈ ಕೆಂಡ. ಒಂದು ಹನಿ ಬೆವರಿಲ್ಲ. ಎದೆ ನಿಂತುಹೋಗಿತ್ತು. ಹತ್ತೊಂಬತ್ತು ವರ್ಷ ಕಣೋ.

ಡಾಕ್ಟರು ಹೃದಯ ಮೊದಲೇ ದುರ್ಬಲ ಅಂದ್ರು. ಹಾರ್ಮನ್ "ಪಾಪ, ಅರ್ಧ ಪೌಂಡು ಜಾಸ್ತಿ ಇದ್ದ, ತಾನೇ ಹಟ ಹಿಡಿದು ಇಳಿದ" ಅಂದ. ಊರು ನಂಬಿತು. ವಸಂತದಲ್ಲಿ ಕುಸ್ತಿ ಕೋಣೆಯ ಹೊರಗಿನ ಹಲಗೆ ಮೇಲೆ ಆ ವರ್ಷದ ಹೆಸರು ಬರೆಸಿದ್ರು. ರೂಢಿ ಗೊತ್ತಲ್ಲ ನಿನಗೆ? ಮೊದಲ ಪಂದ್ಯಕ್ಕೆ ತೂಕಕ್ಕೆ ಬಂದವರ ಹೆಸರು ಮಾತ್ರ. ನೂರೈವತ್ತರ ಎದುರಿಗೆ ಖಾಲಿ ಬಿಟ್ಟಿದ್ರು. ಥೆಲ್ಮಾ ಬಂದು, "ನನ್ನ ಮಗನ ಹೆಸರು ಹಾಕಿ" ಅಂತ ಕೇಳಿದ್ಳು. ಹಾರ್ಮನ್ ಕೈಚೆಲ್ಲಿದ. "ಅವನು ತೂಕಕ್ಕೆ ಬಂದಿರ್ಲಿಲ್ಲ, ತಾಯಿ. ರೂಢಿ ರೂಢಿನೇ." ವರ್ಲಿನ್ ಅಲ್ಲೇ ನಿಂತಿದ್ದ, ಟೋಪಿ ಕೈಲಿ ಹಿಡ್ಕೊಂಡು. ಬಾಯಿಗೆ ಬೀಗ.

ಯಾಕೆ ಅಂತ ಅವನು ನನಗೆ ಹೇಳಿದ್ದು ಆ ರಾತ್ರಿ, ಬಾವಿಯಿಂದ ಓಡಿಬಂದ ರಾತ್ರಿ.

"ಅಕ್ಕಾ, ಆವತ್ತು ಲೊವೆಲ್ ತೂಕಕ್ಕೆ ಬಂದಿದ್ದ."

"ಏನಂದೆ?"

"ಬೇರೆ ಊರಿನ ತಕ್ಕಡಿ ನಂಬೋ ಹಂಗಿಲ್ಲ ಅಕ್ಕಾ. ಕೂದಲೆಳೆ ಹೆಚ್ಚು ತೋರಿಸಿದ್ರೂ ಹುಡುಗ ಹೊರಗೆ. ಅದಕ್ಕೇ ನಮ್ಮ ತಕ್ಕಡೀನ ಅರ್ಧ ಪೌಂಡು ಭಾರ ಮಾಡಿಟ್ಟಿದ್ದೆ. ಕಾಲಿಡೋ ಹಲಗೆ ಅಡೀಲಿ... ಮೀನಿನ ಗಾಳಕ್ಕೆ ಕಟ್ಟೋ ಸೀಸದ ಗುಂಡು. ತಂತೀಲಿ ಬಿಗಿದಿದ್ದೆ. ಹುಡುಗರ ಒಳ್ಳೇದಕ್ಕೇ ಅಕ್ಕಾ. ಇಲ್ಲಿ ನೂರೈವತ್ತು ಬಂದ್ರೆ ಅಲ್ಲಿ ಯೋಚ್ನೆ ಇರಲ್ಲ ಅಂತ. ಹಾರ್ಮನ್‌ಗೂ ಹೇಳಿರ್ಲಿಲ್ಲ."

ನಾನು ಕಾಫಿ ಲೋಟ ಮೇಜಿನ ಮೇಲಿಟ್ಟೆ.

"ಹಂಗಾದ್ರೆ ಆ ಹುಡುಗ..."

"ಸರಿಯಾಗಿ ನೂರೈವತ್ತಿದ್ದ. ನನಗೆ ಗೊತ್ತಿತ್ತು. ಗೊತ್ತಿದ್ದೂ ಓಡು ಅಂದೆ." ಅವನು ಮೇಜಿನ ಮೇಲೆ ತಲೆ ಇಟ್ಟ. "ಆವತ್ತು ರಾತ್ರೀನೇ ಗುಂಡು ಬಿಚ್ಚಿ ಆ ಬಾವಿಗೆ ಎಸೆದೆ."

ನನಗೆ ಅವನ ಕೆನ್ನೆಗೆ ಬಾರಿಸೋಣ ಅನ್ನಿಸ್ತು, ಅವನ ತಲೆ ಸವರೋಣ ಅಂತಲೂ ಅನ್ನಿಸ್ತು. "ಥೆಲ್ಮಾಗೆ ಹೇಳು" ಅಂದೆ. "ನಾಳೆನೇ ಹೋಗಿ ಹೇಳು. ಆ ಹೆಂಗಸು ತನ್ನ ಮಗ ಸೋತು ಸತ್ತ ಅಂದ್ಕೊಂಡಿದಾಳೆ."

"ಹೇಳ್ತೀನಿ ಅಕ್ಕಾ... ಪಂದ್ಯ ಮುಗೀಲಿ."

ಪಂದ್ಯ ಮುಗೀಲಿ! ಹಾಳಾದ್ದು, ಈ ಕಾಲೇಜಿನಲ್ಲಿ ಎಲ್ಲಾನೂ ಪಂದ್ಯ ಮುಗಿದ ಮೇಲೇ.

ಯಾಕಂದ್ರೆ ಆ ವರ್ಷ ನೂರೈವತ್ತರ ಜಾಗಕ್ಕೆ ಮತ್ತೆ ಒಬ್ಬ ಹುಡುಗ ಸಿಕ್ಕಿದ್ದ. ಎರಡು ವರ್ಷ ಯಾರೂ ಆ ತೂಕಕ್ಕೆ ಒಪ್ಪಿರ್ಲಿಲ್ಲ, ಪ್ರತಿ ಪಂದ್ಯಕ್ಕೂ ಆರು ಅಂಕ ಹೋಗ್ತಿತ್ತು. ಈಗ ಗೇಲನ್ ಅಂತ ಒಬ್ಬ ಬಂದ. ಒರಟ, ಮಾತಿನ ಮಲ್ಲ, ಫುಟ್ಬಾಲಿನಲ್ಲಿ ಓಡಿ ಓಡಿ ಗಟ್ಟಿಯಾಗಿದ್ದೋನು. ಅವನೂ ಮೂರು ವಾರದಲ್ಲಿ ಇಪ್ಪತ್ತು ಪೌಂಡು ಇಳಿಸಿದ್ದ. ಕಣ್ಣು ಗುಳಿ ಬಿದ್ದಿದ್ವು. ಅವನ ಬಟ್ಟೆ ಒಗೆದ್ರೆ ನೀರು ಉಪ್ಪುಪ್ಪಾಗಿ ಬೆಳ್ಳಗಾಗ್ತಿತ್ತು.

ಮಾರನೇ ರಾತ್ರಿ. ಬೆಳಗಾದ್ರೆ ಪಂದ್ಯ. ನಾನು ಇಲ್ಲೇ, ಇದೇ ಮೇಜಿನ ಮುಂದೆ ಅವರ ಬಟ್ಟೆ ಮಡಿಸ್ತಿದ್ದೆ. ನಡುವಿನ ಬಾಗಿಲು ತೆಗೆದಿತ್ತು, ತಕ್ಕಡಿ ಕಾಣಿಸ್ತಿತ್ತು. ಎಂಟು ಗಂಟೆಗೆ ಗೇಲನ್ ಹತ್ತಿದ, ಸರಿಯಾಗಿ ನೂರೈವತ್ತು. ಕುಣಿದಾಡಿದ. ಒಂಬತ್ತೂವರೆಗೆ ಸುಮ್ನೆ ಇನ್ನೊಂದ್ಸಲ ಅಂತ ಹತ್ತಿದ. ತಕ್ಕಡಿಯ ಅಡ್ಡಪಟ್ಟಿ ಮೇಲಕ್ಕೆ ಹೋಗಿ ಬಡೀತು.

ಟಕ್.

ವರ್ಲಿನ್ ಪಟ್ಟಿ ಮೇಲಿನ ತೂಕದ ಬಿಲ್ಲೆ ಸರಿಸಿ ಸರಿಸಿ ನೋಡಿದ. ನೂರೈವತ್ತೂವರೆ.

"ಯಾವನೋ ಹಿಂದಿಂದ ಕಾಲ್ಬೆರಳು ಇಟ್ಟಿರೋನು?" ಅಂತ ಗೇಲನ್ ತಿರುಗಿದ. ಹುಡುಗ್ರು ಹಂಗೆ ಆಟ ಆಡಿಸ್ತಾರಲ್ಲ, ತಕ್ಕಡಿ ಮೇಲಿದ್ದೋನ ಹಿಂದೆ ಮೆಲ್ಲಗೆ ಬೆರಳೊತ್ತಿ. ಹಿಂದೆ ಯಾರೂ ಇರ್ಲಿಲ್ಲ. "ಏನ್ ಕೋಚ್ ಇದು? ಒಂದು ತೊಟ್ಟು ನೀರು ಕುಡಿದಿಲ್ಲ. ಗಾಳಿ ಕುಡಿದು ದಪ್ಪ ಆದ್ನಾ?"

ಹಾರ್ಮನ್ ಒಳಗೆ ಬಂದ. ಪಟ್ಟಿ ನೋಡಿದ. "ಅರ್ಧ ಪೌಂಡು. ಕಳಿಸಯ್ಯಾ ಕೆಳಗೆ, ಇಪ್ಪತ್ತು ನಿಮಿಷ" ಅಂದ. ಅದೇ ಮಾತು. ಮೂರು ವರ್ಷದ ಹಿಂದಿನ ಅದೇ ಮಾತು. ಗೇಲನ್ ಆಗ್ಲೇ ರಬ್ಬರ್ ಬಟ್ಟೆ ಎತ್ಕೊಂಡಿದ್ದ.

ಆಗ ಕೆಳಗಡೆ ಯಾರೋ ಓಡೋ ಸದ್ದು.

ನೋಡು, ಆ ಮೂಲೇಲಿ ಬಿಸಿಗಾಳಿ ಬರೋ ಕಿಂಡಿ ಇದೆಯಲ್ಲ, ಅದರಿಂದ ಬಂತು. ಸರಕ್... ಸರಕ್... ಸರಕ್... ಕೊಳವೆ ಸುತ್ತ ಸುತ್ತು ಹಾಕ್ತಾ ಇತ್ತು. ಹತ್ರ ಬರೋದು, ದೂರ ಹೋಗೋದು, ಮತ್ತೆ ಹತ್ರ. ಬಾಯ್ಲರ್ ಕೋಣೆಗೆ ಬೀಗ ಹಾಕಿತ್ತು. ಬೀಗದಕೈ ನನ್ನ ಏಪ್ರನ್ ಜೇಬಿನಲ್ಲಿತ್ತು. ಮುಟ್ಟಿ ನೋಡ್ಕೊಂಡೆ.

"ಯಾರದು ಕೆಳಗೆ?" ಹಾರ್ಮನ್ ಕೇಳಿದ.

ಸರಕ್... ಸರಕ್... ಆಮೇಲೆ ನಿಂತಿತು. ತುಪ್.

ವರ್ಲಿನ್ ಮೊಣಕಾಲೂರಿದ. ತಕ್ಕಡಿ ಹಲಗೆ ಅಡಿಗೆ ಕೈ ಹಾಕಿದ. ಅವನ ಮುಖ ನಾನು ಸಾಯೋವರೆಗೂ ಮರೆಯಲ್ಲ. ತಂತಿ ಬಿಚ್ಚಿದ. ಎಳೆದು ತೆಗೆದು ನೆಲದ ಮೇಲೆ ಇಟ್ಟ. ಠಣ್. ಸೀಸದ ಗುಂಡು. ಬಾವಿಗೆ ಎಸೆದಿದ್ದ ಅದೇ ಗುಂಡು. ಒದ್ದೆ.

ರಬ್ಬರ್ ಬಟ್ಟೆ ಕೆಳಗಿಟ್ಟು ಗೇಲನ್ ಮತ್ತೆ ಹತ್ತಿದ; ವರ್ಲಿನ್ ಬಿಲ್ಲೆ ಹಿಂದಕ್ಕೆ ಸರಿಸಿದ, ಅಡ್ಡಪಟ್ಟಿ ಮೆಲ್ಲಗೆ ನಡುವೆ ಬಂದು ನಿಂತಿತು. ನೂರೈವತ್ತು.

"ಇದೇನಯ್ಯಾ ಇದು?" ಹಾರ್ಮನ್ ದನಿ ಇಳಿದುಹೋಗಿತ್ತು.

ವರ್ಲಿನ್ ಅವನ ಕಡೆ ನೋಡ್ಲೇ ಇಲ್ಲ. ಕಿಂಡಿ ಕಡೆ ತಿರುಗಿ ಮಾತಾಡಿದ. "ಗುಂಡು ಕಟ್ಟಿದ್ದು ನಾನು. ಅವತ್ತೂ ಇತ್ತು. ಗೊತ್ತಿದ್ದೂ ನಿನ್ನ ಕೆಳಗೆ ಕಳಿಸ್ದೆ. ನಿಮ್ಮಮ್ಮನ ಮುಂದೆ ಸುಮ್ನೆ ನಿಂತೆ." ಮಗು ಅತ್ತಹಂಗೆ ಅಳ್ತಿದ್ದ.

ಕಿಂಡಿಯಿಂದ ಬಂತು, ಆ ಒಣಗಿದ ದನಿ. ನಾಲ್ಕು ಜನ ಕೇಳಿದ್ವಿ. ನಾಲ್ಕು ಜನ!

"ಎಷ್ಟಿದ್ದೆ ಕೋಚ್?"

"ನೂರೈವತ್ತು ಮಗಾ. ಸರಿಯಾಗಿ ನೂರೈವತ್ತು."

ಆಮೇಲೆ ಏನಿಲ್ಲ. ಒಂದು ಬಾಟ್ಲಿ ಸಿಮೆಂಟಿನ ಮೇಲೆ ಉರುಳಿದ ಹಂಗೆ ಗಡಗಡ ಅಂತು... ಗೋಡೆಗೆ ತಾಗಿ ನಿಂತಿತು. ಅಷ್ಟೇ.

ಹಾರ್ಮನ್ ಮೊದಲು ಚೇತರಿಸ್ಕೊಂಡ. "ಈ ಮಾತು ಈ ಕೋಣೆ ದಾಟಬಾರ್ದು" ಅಂದ. ಅಂಥವರು ಮೊದಲು ಚೇತರಿಸ್ಕೊಳ್ಳೋದೇ ಅದಕ್ಕೆ. ಗೇಲನ್ ರಬ್ಬರ್ ಬಟ್ಟೆ ಅಲ್ಲೇ ಬಿಟ್ಟು, ಬರಿಗಾಲಲ್ಲಿ ಹಿಮದೊಳಗೆ ಹೊರಟುಹೋದ. ಮಾರನೇ ದಿನ ಪಂದ್ಯಕ್ಕೆ ಬರ್ಲಿಲ್ಲ. ಆಮೇಲೆ ಕುಸ್ತಿ ಕಡೆ ತಲೆ ಹಾಕಿಯೂ ಮಲಗ್ಲಿಲ್ಲ.

ಬೆಳಿಗ್ಗೆ ವರ್ಲಿನ್ ನನ್ನ ಬಾಗಿಲು ತಟ್ಟಿದ. "ಅಕ್ಕಾ, ಒಬ್ಬನೇ ಹೋಗೋಕೆ ಕಾಲು ಬರ್ತಿಲ್ಲ." ನಾನೇ ಗಾಡಿ ಓಡಿಸ್ಕೊಂಡು ಥೆಲ್ಮಾ ಮನೆಗೆ ಕರ್ಕೊಂಡು ಹೋದೆ. ಕೊಟ್ಟಿಗೇಲಿದ್ಳು. ಹಾಲು ಕರೆಯೋದು ನಿಲ್ಲಿಸ್ದೇನೇ ಕೇಳಿದ್ಳು. ಎಲ್ಲಾ ಹೇಳಿದ, ಒಂದೂ ಮುಚ್ಚಿಡ್ಲಿಲ್ಲ. ಕೊನೆಗೆ "ತಪ್ಪಾಯ್ತು ಅಮ್ಮಾ" ಅಂದ.

ಬಕೆಟಿನಲ್ಲಿ ಹಾಲು ಬೀಳೋ ಸದ್ದು ಮಾತ್ರ. ಚರ್... ಚರ್...

"ಅವತ್ತು ಅಷ್ಟು ಚೆನ್ನಾಗಿ ಅಡುಗೆ ಮಾಡಿದ್ದೆ" ಅಂದ್ಳು. "ಹಸ್ಕೊಂಡು ಹೋದ."

ಆಮೇಲೆ ಎದ್ದು ಅಂಗಿ ತೋಳಲ್ಲೇ ಮುಖ ಒರೆಸ್ಕೊಂಡ್ಳು. "ಕ್ಷಮೆ ಗಿಮೆ ನನ್ನ ಹತ್ರ ಇಲ್ಲ ವರ್ಲಿನ್. ಕೇಳ್ಬೇಡ. ಹೋಗಿ ಹೆಸರು ಬರಿ."

ಅವನೇ ಬರೆದ. ಕಾಲೇಜು ಮುಚ್ಚಿದ್ದ ಭಾನುವಾರ ಏಣಿ ಇಟ್ಕೊಂಡು, ಬಂಗಾರದ ಬಣ್ಣದಲ್ಲಿ. ಹಾರ್ಮನ್ ಕೆರೆಸಿದ. ವರ್ಲಿನ್ ಮತ್ತೆ ಬರೆದ. ಹಾರ್ಮನ್ ಅವನನ್ನ ಕೆಲಸದಿಂದ ತೆಗೆದ, ಮತ್ತೆ ಕೆರೆಸಿದ. ಮೂರನೇ ಸಲ ಥೆಲ್ಮಾನೇ ಬಂದು ಹಲಗೆ ಕೆಳಗೆ ಕುರ್ಚಿ ಹಾಕ್ಕೊಂಡು ಕೂತ್ಳು, ಬಣ್ಣ ಒಣಗೋವರೆಗೂ. ಆಮೇಲೆ ಯಾರೂ ಮುಟ್ಲಿಲ್ಲ. ನೀನು ದಿನಾ ಆ ಹೆಸರಿನ ಕೆಳಗೇ ಶೂ ಬಿಚ್ಚೋದು, ತಲೆ ಎತ್ತಿ ನೋಡಿದೀಯಾ?

ವರ್ಲಿನ್ ಆಮೇಲೆ ಜೋಳದ ಲಾರಿ ಓಡಿಸ್ಕೊಂಡಿದ್ದ. ಮದುವೆ ಆಗ್ಲಿಲ್ಲ. ಪ್ರತಿ ಥ್ಯಾಂಕ್ಸ್‌ಗಿವಿಂಗ್‌ಗೂ ನಮ್ಮನೇಲೇ ಊಟ, ಆದ್ರೆ ತಟ್ಟೆ ಮುಂದೆ ಕೂತ್ರೆ ಒಂದು ತುತ್ತು ಇಳೀತಿರ್ಲಿಲ್ಲ. ಹೋದ ಜನವರೀಲಿ ಸತ್ತ. ಶವಪೆಟ್ಟಿಗೆ ಎತ್ತಿದ ಹುಡುಗ್ರು "ಏನಜ್ಜಿ, ಒಳಗೆ ಯಾರೂ ಇಲ್ವಾ?" ಅಂತ ಕೇಳಿದ್ರು. ಅಷ್ಟು ಹಗುರ. ಸಾಯೋ ಮುಂಚೆ ನನ್ನ ಕೈಗೆ ಆ ಸೀಸದ ಗುಂಡು ಕೊಟ್ಟ. "ಬಾವಿಗೆ ಎಸೀಬೇಡ ಅಕ್ಕಾ, ಪ್ರಯೋಜನ ಇಲ್ಲ" ಅಂದ.

ಏನು? ಅಜ್ಜಿ ಕಾಗಕ್ಕ ಗುಬ್ಬಕ್ಕನ ಕತೆ ಹೊಡೀತಿದಾಳೆ ಅಂತಾನಾ? ಗೋಡೆ ಮೇಲೆ ಫೋನಿದೆ. ಮಾಡು ನಿಮ್ಮಪ್ಪನಿಗೆ. ಹೌದು ಕಣೋ, ನಿಮ್ಮಪ್ಪನಿಗೇ! ಇಡೀ ಊರಿಗೆ ಎಷ್ಟು ಜನ ಗೇಲನ್ ಇದಾರೆ ಅಂದ್ಕೊಂಡಿದೀಯ? ನೀನು ಕುಸ್ತಿಗೆ ಸೇರ್ತೀನಿ ಅಂದಾಗ ಯಾಕೆ ಎದ್ದು ಹೊರಗೆ ಹೋದ್ರು ಅಂತ ಕೇಳು. ನಾಲ್ಕನೇ ಜೊತೆ ಕಿವಿ ಅವರದ್ದೇ.

ಬೇಡ್ವಾ? ಸರಿ. ಆ ಡ್ರಾಯರ್ ಎಳಿ. ಗುಂಡಿಗಳ ಡಬ್ಬಿ ಹಿಂದೆ, ಬಿಳೀ ಬಟ್ಟೇಲಿ ಸುತ್ತಿದೆ ನೋಡು. ಡಿಸೆಂಬರಿನಿಂದ ಅಕ್ಟೋಬರಿನವರೆಗೆ ಒಣಗಿ ಧೂಳು ಹಿಡಿದು ಬಿದ್ದಿರುತ್ತೆ ಅಂತ ವರ್ಲಿನ್ ಹೇಳಿದ್ದ, ನಾನೂ ಈ ವರ್ಷ ನೋಡ್ದೆ, ಹಂಗೇ ಇತ್ತು. ಫುಟ್ಬಾಲು ಮುಗಿದು ಕುಸ್ತಿ ಶುರುವಾಗೋ ಈ ಮೂರು ವಾರ ಮಾತ್ರ... ಇವತ್ತು ಬೆಳಿಗ್ಗೆ ಚೆನ್ನಾಗಿ ಒರೆಸಿ, ಒಣ ಬಟ್ಟೇಲಿ ಸುತ್ತಿ ಇಟ್ಟಿದ್ದೆ. ನನ್ನ ಕೈಯಾರೆ.

ಬಿಚ್ಚು. ಬಟ್ಟೆ ಹಿಂಡು.

ಬೆರಳು ನೆಕ್ಕಿ ನೋಡು. ಆ ಬಾವಿ ನೀರು ಸಪ್ಪೆ ಟ್ರಾಯ್, ಚಿಕ್ಕೋಳಿದ್ದಾಗ ನಾನೇ ಪಂಪು ಹೊಡೆದು ಕುಡಿದಿದೀನಿ.

ಇದು ಉಪ್ಪು.